4ನೇ ಅಡ್ಡರಸ್ತೆಯ ಫುಟ್‌ಪಾತ್: ಭಾನುವಾರದ ಅಳತೆಗೆ ಮುನ್ನ

ಮನೆ 27:
ಎಲ್ಲರಿಗೂ ನಮಸ್ಕಾರ. ಮೊನ್ನೆ ಮಳೆ ಬಂದಾಗ ಶಾಲೆಯಿಂದ ಬರುತ್ತಿದ್ದ ಮಕ್ಕಳು ಫುಟ್‌ಪಾತ್ ಸಿಗದೆ ವಾಹನಗಳ ನಡುವೆ ನೀರಿನಲ್ಲಿ ನಡೆದುದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ಒಬ್ಬರು ತಂತಿಬೇಲಿ ಹಾಕಿ ಕೈತೋಟ ಮಾಡಿದ್ದಾರೆ, ಇನ್ನೊಬ್ಬರು ಗೇಟಿಗೆ ಕಾರು ಹತ್ತಿಸಲು ಚರಂಡಿಯ ಮೇಲೆ ಕಾಂಕ್ರೀಟ್ ಸುರಿದಿದ್ದಾರೆ, ಕಾರು ಹೊರಗೆ ಹೋದಾಗ ಜಾಗ ಕಾಯಲು ಹೂಕುಂಡ ಇಡುವವರಲ್ಲಿ ನಾನೂ ಒಬ್ಬ. ಕೇಳಿದರೆ ಎಲ್ಲರೂ ಹೇಳುವುದು, "ಮನೆ ಮುಂದಿನ ಜಾಗ ನಮ್ಮದು" ಎಂದೇ. ನಿನ್ನೆ ನನ್ನ ಕ್ರಯಪತ್ರ ತೆಗೆದು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರ, ಓದಿದೆ. 30x40 ಅಳತೆಯ, ಅಂದರೆ 1,200 ಚದರ ಅಡಿಯ ನಿವೇಶನ. ಪೂರ್ವಕ್ಕೆ ರಸ್ತೆ ಎಂದಿದೆ. ನಾವು ಕೊಂಡದ್ದು, ಖಾತೆ ಮಾಡಿಸಿಕೊಂಡದ್ದು, ಕಂದಾಯ ಕಟ್ಟುವುದು ಆ ಗೆರೆಯವರೆಗೆ ಮಾತ್ರ. ಭಾನುವಾರ ಬೆಳಿಗ್ಗೆ 10 ಗಂಟೆಗೆ ಪಾರ್ಕ್ ಗೇಟಿನ ಬಳಿ ಸೇರಿ, ಟೇಪು ಹಿಡಿದು ಎರಡೂ ಬದಿ ಅಳೆಯೋಣ ಎಂಬುದು ನನ್ನ ಕೋರಿಕೆ.

ಮನೆ 31:
ಸರ್, ಕಾಗದದ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ನಮ್ಮ ಮುಂದಿನ ಹೊಂಗೆಯನ್ನು ನೆಟ್ಟವರು ನಮ್ಮ ತಂದೆ. ಬೇಸಿಗೆಯಲ್ಲಿ ಕೊಡದಿಂದ ನೀರು ಹೊತ್ತು ಉಳಿಸಿದರು. ಬೇಲಿ ಹಾಕುವ ಮೊದಲು ಅದು ಬಡಾವಣೆಯವರೆಲ್ಲ ಕಸ ಸುರಿಯುವ ಮೂಲೆಯಾಗಿತ್ತು. ಯಾರೂ ತನ್ನದೆಂದು ನೋಡಿಕೊಳ್ಳದ ಜಾಗ ಹಾಗಾಗುತ್ತದೆ.

ಮನೆ 8:
ನಾನು ಪ್ರತಿದಿನ ಬೆಳಿಗ್ಗೆ ಗೇಟಿನ ಹೊರಗೆ ನೀರು ಹಾಕಿ, ಗುಡಿಸಿ, ರಂಗೋಲಿ ಇಡುತ್ತೇನೆ. ಸ್ವಲ್ಪ ಹೊತ್ತಿಗೆ ಹಾಲಿನ ಹುಡುಗನ ಸೈಕಲ್ ಅದರ ಮೇಲೆಯೇ ಹಾದುಹೋಗುತ್ತದೆ, ಅದಕ್ಕೆ ನಾನು ಬೇಸರಪಟ್ಟವಳಲ್ಲ. ನೋಡಿಕೊಳ್ಳುವುದಕ್ಕೆ ಬೇಲಿ ಬೇಕೇ, ಮಗಾ?

ಮನೆ 12, ಮೊದಲ ಮಹಡಿ:
ನಾವು ಬಾಡಿಗೆಗೆ ಇರುವವರು. ಮಾಲೀಕರ ಸಭೆಗೆ ನಮ್ಮನ್ನು ಕರೆಯದಿರುವುದರಿಂದ ಇಲ್ಲಿ ಬರೆಯಲು ಹಿಂಜರಿದೆ. ನಮ್ಮ ಅತ್ತೆಯವರನ್ನು ಗಾಲಿಕುರ್ಚಿಯಲ್ಲಿ ಔಷಧಿ ಅಂಗಡಿಗೆ ಕರೆದೊಯ್ಯುವಾಗ ಪ್ರತಿ ಸಲವೂ ರಸ್ತೆಗೆ ಇಳಿಯಬೇಕು. ಕ್ರಯಪತ್ರವಿಲ್ಲದವರಿಗೂ ಫುಟ್‌ಪಾತ್ ಸೇರಿದೆ ಎಂದು ನಂಬಿದ್ದೇನೆ.

ಮನೆ 27:
ಖಂಡಿತ ಸೇರಿದೆ, ಭಾನುವಾರ ನೀವೂ ಬರಲೇಬೇಕು. 31ರವರೇ, ತಂದೆಯವರ ಮರವನ್ನು ಯಾರೂ ಮುಟ್ಟುವುದಿಲ್ಲ; 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದೇ ಅದಕ್ಕಾಗಿ. ತೆಗೆಯಬೇಕಾದದ್ದು ಬೇಲಿ. ತನ್ನದೆಂಬ ಭಾವನೆ ಬೇಡವೆಂದೂ ನಾನು ಹೇಳುತ್ತಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಹಂಚಿದಾಗ, ಅದರಲ್ಲಿ ಒಂದಡಿಯೂ ತಮ್ಮ ಹೆಸರಿನಲ್ಲಿಲ್ಲದ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಒಪ್ಪಿ ಆ ಹಂಚಿಕೆ ಸಲ್ಲದೆಂದಿತು. ಅವರು "ನಮ್ಮದು" ಎಂದದ್ದು ಉದ್ಯಾನ ಎಲ್ಲರಿಗೂ ತೆರೆದಿರಲಿ ಎಂದು. ಅಳತೆಯನ್ನು ನನ್ನ ಗೇಟಿನಿಂದಲೇ ಆರಂಭಿಸೋಣ. ಹೂಕುಂಡಗಳನ್ನು ಇಂದು ಸಂಜೆಯೇ ಒಳಗೆ ತರುತ್ತೇನೆ.

ಮನೆ 31:
ಮರದ ಬುಡಕ್ಕೆ ಟ್ರೀ ಗಾರ್ಡ್ ಹಾಕಿಸುವುದಾದರೆ, ಮತ್ತು ಆ ಮೂಲೆಗೆ ಮತ್ತೆ ಕಸ ಬೀಳದಂತೆ ಎಲ್ಲರೂ ಸರದಿಯಲ್ಲಿ ನೋಡಿಕೊಳ್ಳುವುದಾದರೆ ಬೇಲಿ ಬಿಚ್ಚುತ್ತೇನೆ. ಸರದಿಯ ಪಟ್ಟಿ ಭಾನುವಾರವೇ ಆಗಬೇಕು.

ಮನೆ 12, ಮೊದಲ ಮಹಡಿ:
ಮೊದಲ ವಾರಕ್ಕೆ ನಮ್ಮ ಮನೆಯನ್ನು ಬರೆದುಕೊಳ್ಳಿ.