ಅರೆತಲೆನೋವಿನ ಮಾತ್ರೆ ನಾಟ್ತಿಲ್ಲ, ಯಾಕೆ?

ಪ್ರಶ್ನೆ (ಡೊಂಬಿವಲಿ): ತಂಗಿಗೆ ತಿಂಗಳಲ್ಲಿ ಆರೇಳು ಸಲ ಅರೆತಲೆನೋವು, ವಾಂತಿ. ಡಾಕ್ಟರು ಸುಮಾಟ್ರಿಪ್ಟಾನ್ 50 ಮಿ.ಗ್ರಾಂ. ಬರೆದಿದ್ದಾರೆ. ಲೋಕಲ್ ರೈಲು ಇಳಿದು ಮನೆ ಸೇರಿದ ಮೇಲೆ ತಗೋತಾಳೆ, ಏನೂ ಪ್ರಯೋಜನವಿಲ್ಲ.

ಉತ್ತರ (ಮಾಟುಂಗಾ): ತಡವಾಯ್ತು, ಅಷ್ಟೇ. ನೋವು ಶುರುವಾದ ಕೂಡಲೇ ನುಂಗಬೇಕು; ಆಮೇಲೆ ಹೊಟ್ಟೆ ಜಡವಾಗಿ ಮಾತ್ರೆ ಅಲ್ಲೇ ಕೂತಿರುತ್ತೆ. ಸ್ಟ್ರಿಪ್ ಪರ್ಸಿನಲ್ಲೇ ಇರಲಿ. ಇಳಿದ ನೋವು ಮರಳಿದರೆ 2 ಗಂಟೆ ಬಿಟ್ಟು ಇನ್ನೊಂದು. ದಿನಕ್ಕೆ 200 ಮಿ.ಗ್ರಾಂ. ದಾಟಬಾರದು. ಹೃದ್ರೋಗ, ಪಾರ್ಶ್ವವಾಯು ಆಗಿದ್ದವರಿಗೆ ಬೇಡವೇ ಬೇಡ.

ಉತ್ತರ (ಪುಣೆ): ಮಾತ್ರೆ ತಗೊಂಡ ದಿನಗಳು ತಿಂಗಳಿಗೆ 10 ಮುಟ್ಟಿದರೆ ಮಾತ್ರೆಯೇ ತಲೆನೋವು ತರುತ್ತೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆರೇಳು ಸಲ ಅಂದ್ರೆ ತಡೆಗಟ್ಟುವ ಔಷಧವನ್ನೇ ಕೇಳಿ. ಅವುಗಳಲ್ಲಿ ಪ್ರೊಪ್ರನೊಲಾಲ್ ಅಸ್ತಮಾದವರಿಗೆ ಆಗದು; ರಾತ್ರಿಯ ಫ್ಲುನಾರಿಜಿನ್‌ನಿಂದ ತೂಕ ಏರಬಹುದು.

ಉತ್ತರ (ಮಡಗಾಂವ್): ತಡೆಗಟ್ಟುವ ಔಷಧವನ್ನು ಎರಡೇ ವಾರಕ್ಕೆ ಕೈಬಿಡಬೇಡಿ, 8 ವಾರ ನೋಡಿ. ಪ್ರೊಪ್ರನೊಲಾಲ್ ದಿಢೀರನೆ ನಿಲ್ಲಿಸೋದೂ ತಪ್ಪು.