ನಕ್ಷೆಯಲ್ಲಿ ಮನೆ ಇದೆ, ನೆಲದಲ್ಲಿ ಇಲ್ಲ: ಹಳೇ ಟೋಪೋ ಶೀಟ್ ಓದೋದು ಹೇಗೆ?

ಪ್ರಶ್ನೆ (ಪೆನ್ಸಿಲ್ವೇನಿಯಾ): ಇಲ್ಲಿನ ರೈತರೊಬ್ಬರು ತಮ್ಮ ಹೊಲದಲ್ಲೂ ಪಕ್ಕದ ಕಾಡಂಚಿನಲ್ಲೂ ಮೆಟಲ್ ಡಿಟೆಕ್ಟರ್ ಆಡಿಸೋಕೆ ಒಪ್ಪಿದ್ದಾರೆ. 1890ರ ದಶಕದ ಯುಎಸ್‌ಜಿಎಸ್ (ಅಮೆರಿಕದ ಸರ್ಕಾರಿ ಭೂಸರ್ವೇ ಸಂಸ್ಥೆ) ಟೋಪೋ ಶೀಟಿನಲ್ಲಿ, ಅಂದರೆ ಗುಡ್ಡ, ತೊರೆ, ರಸ್ತೆ, ಮನೆ ತೋರಿಸೋ ನಕ್ಷೆಯಲ್ಲಿ, ಆ ಜಾಗದಲ್ಲಿ ಮೂರು ಮನೆ, ಒಂದು ಶಾಲೆ ಇವೆ. ಈಗ ಒಂದೂ ಇಲ್ಲ. ನಕ್ಷೆಯನ್ನು ಫೋನಿಗೆ ಹಾಕಿಕೊಂಡು ಜಿಪಿಎಸ್ ತೋರಿಸಿದ ಕಡೆ ಹೋದರೆ ಬರೀ ಮುಳ್ಳುಪೊದೆ. ಎಲ್ಲಿ ಎಡವುತ್ತಿದ್ದೇನೆ? ಡಿಸೆಂಬರ್‌ನಲ್ಲಿ ಹಾಸನಕ್ಕೆ ಬರುವಾಗ ಡಿಟೆಕ್ಟರ್ ತರಬಹುದಾ?

ಸರ್ವೇ ಕೆಲಸದವರು: ಆ ಕಾಲದ ನಿಮ್ಮ ಕಡೆಯ ಶೀಟುಗಳು ಹೆಚ್ಚಾಗಿ 1:62,500. ಅಂದರೆ ಕಾಗದದ 1 ಮಿ.ಮೀ. ನೆಲದಲ್ಲಿ 62.5 ಮೀಟರ್. ಮನೆಯ ಕಪ್ಪು ಚೌಕವೇ ಅರ್ಧ ಮಿ.ಮೀ. ಮೇಲಿರುತ್ತೆ, ಅದರಡಿ 30 ಮೀಟರ್ ಮುಚ್ಚಿಹೋಯಿತು. ಸಾಲದ್ದಕ್ಕೆ ರಸ್ತೆಯನ್ನು ಕಣ್ಣಿಗೆ ಕಾಣಲಿ ಅಂತ ಎರಡು ಗೆರೆಯಲ್ಲಿ ಅಗಲ ಮಾಡಿ ಬರೆದಿರುತ್ತಾರೆ. ರಸ್ತೆಗೆ ಅಂಟಿಕೊಂಡಿದ್ದ ಮನೆ ನಕ್ಷೆಯಲ್ಲಿ ಹೊಲದೊಳಕ್ಕೆ ಸರಿಯುತ್ತೆ. ಹಾಗಾಗಿ ಅಕ್ಷಾಂಶ ರೇಖಾಂಶ ನಂಬಬೇಡಿ, ಪಕ್ಕದ ಗುರುತುಗಳನ್ನು ನಂಬಿ. ತೊರೆ ರಸ್ತೆಯನ್ನು ದಾಟೋ ಜಾಗದಿಂದ ಮುಂದಿನ ಕೂಡುರಸ್ತೆಗೆ ನಕ್ಷೆಯಲ್ಲಿ 12 ಮಿ.ಮೀ. ಇದ್ದು, ಮನೆ 4 ಮಿ.ಮೀ.ನಲ್ಲಿದ್ದರೆ, ಒಟ್ಟು 750 ಮೀಟರ್‌ನಲ್ಲಿ ಮನೆ ತೊರೆ ದಾಟೋ ಜಾಗದಿಂದ ಸುಮಾರು 250 ಮೀಟರ್. ಅಲ್ಲಿಂದ ಹಿಂದೆ ಮುಂದೆ 50 ಮೀಟರ್ ರಸ್ತೆಯಂಚಿನಲ್ಲೇ ಹುಡುಕಿ. ರಸ್ತೆಯ ಯಾವ ಬದಿ ಅನ್ನೋದು ಸಾಮಾನ್ಯವಾಗಿ ಸರಿಯಾಗೇ ಇರುತ್ತೆ. ಆದರೆ ಆಮೇಲೆ ರಸ್ತೆ ನೇರ ಮಾಡಿದ್ದರೆ ಹಳೇ ತಿರುವು ಈಗ ಹೊಲದೊಳಗೆ ಸಿಕ್ಕಿಕೊಂಡಿರುತ್ತೆ, ಅದನ್ನೂ ನೋಡಿ.

ಜಿಐಎಸ್ (ಕಂಪ್ಯೂಟರ್ ನಕ್ಷೆ) ಕೆಲಸದವರು: ಟೋಪೋವ್ಯೂ ಅನ್ನೋ ಯುಎಸ್‌ಜಿಎಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗೋ ಜಿಯೋಟಿಫ್ (ಅಕ್ಷಾಂಶ ರೇಖಾಂಶ ಜೋಡಿಸಿದ ನಕ್ಷೆಯ ಚಿತ್ರ) ಶೀಟಿನ ಅಂಚಿನ ಗುರುತುಗಳಿಗೆ ಕೂರಿಸಿದ್ದು. ಒಳಗಿನ ಸರ್ವೇ ತಪ್ಪು ಹಾಗೇ ಉಳಿದಿರುತ್ತೆ. ಕ್ಯೂಜಿಐಎಸ್ ಅನ್ನೋ ಪುಕ್ಕಟೆ ನಕ್ಷೆ ತಂತ್ರಾಂಶದ ಜಿಯೋರೆಫರೆನ್ಸರ್‌ನಲ್ಲಿ ಹಳೇ ನಕ್ಷೆಯ ಬಿಂದುಗಳನ್ನು ಇಂದಿನ ನಕ್ಷೆಗೆ ಹೊಂದಿಸಿ ನೀವೇ ಮತ್ತೆ ಕೂರಿಸಿ. ಇಡೀ ಶೀಟ್ ಬೇಡ, ಹೊಲದ ಸುತ್ತ ಎರಡು ಮೂರು ಕಿ.ಮೀ. ಸಾಕು. ಇಂದಿಗೂ ಅಲ್ಲಾಡದ ಆರೇಳು ಬಿಂದು ಆರಿಸಿ: ರೈಲು ಹಳಿ ರಸ್ತೆ ದಾಟೋ ಜಾಗ, ಹಳೇ ಕೂಡುರಸ್ತೆ, ಇನ್ನೂ ನಿಂತಿರೋ ಚರ್ಚ್. ತೊರೆಯ ತಿರುವು, ಕೆರೆಯ ಅಂಚು ಬೇಡ, ಅವು ಜಾಗ ಬದಲಿಸುತ್ತವೆ. ಪಾಲಿನಾಮಿಯಲ್ 1 (ಶೀಟನ್ನು ಬಾಗಿಸದೆ ಹೊಂದಿಸೋ ಆಯ್ಕೆ) ಇಟ್ಟು ಓಡಿಸಿ, ಒಂದು ಬಿಂದುವಿನ ರೆಸಿಡ್ಯುಯಲ್ (ಹೊಂದಿಸಿದ ಮೇಲೂ ಉಳಿದ ತಪ್ಪು) ಮಾತ್ರ ಎದ್ದು ಕಂಡರೆ ಅದನ್ನು ಕಿತ್ತುಹಾಕಿ. ಬಿಂದುಗಳೆಲ್ಲ ಒಂದೇ ಮೂಲೆಯಲ್ಲಿದ್ದರೆ ಎದುರು ಮೂಲೆ ರಬ್ಬರಿನಂತೆ ಎಳೆದುಹೋಗುತ್ತೆ.

ನಕ್ಷೆಯ ಕೆಳಗಿನ ಅಂಚಿನ ಇಸವಿಗಳನ್ನೂ ಓದಿ. ಸರ್ವೇ ಮಾಡಿದ ವರ್ಷ, ಆವೃತ್ತಿಯ ವರ್ಷ, ಮರುಮುದ್ರಣದ ವರ್ಷ ಮೂರೂ ಬೇರೆ. 1910ರ ಮುದ್ರಣದಲ್ಲಿರೋ ಮನೆ 1889ರ ಸರ್ವೇಯದ್ದೇ ಆಗಿದ್ದರೆ, 1910ರಲ್ಲಿ ಅದು ನಿಂತಿತ್ತು ಅನ್ನೋಕೆ ಆಧಾರವಿಲ್ಲ.

ಓಹಾಯೋದ ಹವ್ಯಾಸಿ: ಇದರ ಜೊತೆ ಲೈಡಾರ್ ಹಿಲ್‌ಶೇಡ್ ಹಾಕಿ, ಅಂದರೆ ವಿಮಾನದಿಂದ ಲೇಸರ್‌ನಲ್ಲಿ ಅಳೆದ ನೆಲದ ಏರುತಗ್ಗನ್ನು ನೆರಳು ಬೆಳಕಿನಲ್ಲಿ ತೋರಿಸೋ ಚಿತ್ರ. ಯುಎಸ್‌ಜಿಎಸ್‌ನ 3ಡಿಇಪಿ ಯೋಜನೆಯ, ಮೀಟರಿಗೊಂದು ಎತ್ತರ ಕೊಡೋ ಡೇಟಾ ನಿಮ್ಮ ಕಡೆಗೆ ಇದ್ದರೆ ಕಾಡಿನೊಳಗೆ ನೆಲಮಾಳಿಗೆಯ ಗುಂಡಿ ಚೌಕಾಕಾರದಲ್ಲಿ ಕಾಣುತ್ತೆ. ಬೆಳಕಿನ ದಿಕ್ಕು 315 ಡಿಗ್ರಿ (ವಾಯುವ್ಯ) ಒಂದೇ ಇಟ್ಟುಕೊಳ್ಳಬೇಡಿ, 45ಕ್ಕೂ (ಈಶಾನ್ಯ) ತಿರುಗಿಸಿ. ಬೆಳಕಿನ ದಿಕ್ಕಿಗೇ ಮಲಗಿರೋ ಹಳೇ ಗಾಡಿದಾರಿ, ಕಲ್ಲುಗೋಡೆ ಆಗ ಮಾತ್ರ ಏಳುತ್ತವೆ. ಉಳುಮೆಯಾದ ಹೊಲದಲ್ಲಿ ಗುಂಡಿ ಉಳಿಯಲ್ಲ, ಅಲ್ಲಿ ಇಟ್ಟಿಗೆ, ಪಿಂಗಾಣಿ, ಗಾಜಿನ ಚೂರು ಚೆಲ್ಲಿರೋ ಕಡೆ ನೋಡಿ. ಕಾಡಿನಲ್ಲಿ ಲೈಲ್ಯಾಕ್ ಪೊದೆ, ಡೇಲಿಲಿ, ನೆಲ ಮುಚ್ಚಿದ ವಿಂಕಾ ಬಳ್ಳಿ ಕಂಡರೆ ಯಾರೋ ನೆಟ್ಟದ್ದು. ಮುಚ್ಚದೇ ಬಿಟ್ಟ ಬಾವಿಯೂ ಹತ್ತಿರದಲ್ಲೇ ಇರುತ್ತೆ, ಎಲೆ ತುಂಬಿದ ತಗ್ಗಿಗೆ ಕಾಲಿಡೋ ಮುಂಚೆ ಕೋಲು ಚುಚ್ಚಿ ನೋಡಿ.

ಮನೆ ಸಿಕ್ಕಮೇಲೆ ಎಲ್ಲರೂ ನೆಲಮಾಳಿಗೆಯ ಗುಂಡಿಯಲ್ಲೇ ಹುಡುಕೋಕೆ ಹೋಗ್ತಾರೆ, ಅಲ್ಲಿ ಬರೀ ಮೊಳೆ. ಬಾಗಿಲಿನಿಂದ ರಸ್ತೆವರೆಗಿನ ಪಟ್ಟಿ, ಬಾವಿಗೆ ಹೋಗೋ ದಾರಿ, ದೊಡ್ಡ ಮರದ ಬುಡ ಮೊದಲು. ಶಾಲೆಯಾದರೆ (ಚೌಕದ ಮೇಲೆ ಪುಟ್ಟ ಬಾವುಟ) ಆಟದ ಬಯಲು. ಕಬ್ಬಿಣ ಜಾಸ್ತಿ ಇರೋದರಿಂದ 11 ಇಂಚಿನ ಕಾಯಿಲ್ (ಡಿಟೆಕ್ಟರ್ ತುದಿಯ ದುಂಡು ಬಿಲ್ಲೆ) ತೆಗೆದು 6 ಇಂಚಿನದ್ದು ಹಾಕಿ, ನಿಧಾನ ಬೀಸಿ. ದೊಡ್ಡ ಕಾಯಿಲ್ ಕೆಳಗೆ ಮೊಳೆಯೂ ನಾಣ್ಯವೂ ಒಟ್ಟಿಗೆ ಬಂದರೆ ಡಿಸ್ಕ್ರಿಮಿನೇಷನ್ (ಕಬ್ಬಿಣದ ಸದ್ದು ತಡೆಯೋ ಸೆಟ್ಟಿಂಗ್) ನಾಣ್ಯವನ್ನೂ ನುಂಗುತ್ತೆ. 1964ರವರೆಗಿನ ಡೈಮ್, ಕ್ವಾರ್ಟರ್‌ಗಳಲ್ಲಿ (10, 25 ಸೆಂಟ್ ನಾಣ್ಯ) 90% ಬೆಳ್ಳಿ, ಡಿಟೆಕ್ಟರ್ ದನಿ ಗಟ್ಟಿ ಬರುತ್ತೆ.

ಸರ್ವೇ ಕೆಲಸದವರು: ಒಂದು ಬಿಟ್ಟುಹೋಗಿತ್ತು. ಆಮೇಲೆ ಬಂದ, ಹೆಚ್ಚು ವಿವರದ 1:24,000 ಶೀಟಿನಲ್ಲಿ ಮನೆ ಕಾಣಲಿಲ್ಲ ಅಂದರೆ ಕೆಡವಿದ್ದಾರೆ ಅಂತಲ್ಲ. ಊರಿನ ಮೇಲೆ ತೆಳು ಗುಲಾಬಿ ಬಣ್ಣ ಬಳಿದಿದ್ದರೆ ಅದರೊಳಗೆ ಮುಖ್ಯ ಕಟ್ಟಡ ಬಿಟ್ಟು ಬೇರೆ ಬರೆದಿರಲ್ಲ. ಟೊಳ್ಳು ಚೌಕ ಕಣಜ, ಕೊಟ್ಟಿಗೆಯಂಥವು, ವಾಸದ ಮನೆಯಲ್ಲ. ನೇರಳೆ ಬಣ್ಣದ್ದು ಆಮೇಲೆ ವಿಮಾನದ ಫೋಟೋ ನೋಡಿ ಸೇರಿಸಿದ್ದು.

ಇನ್ನೊಬ್ಬರು, ನ್ಯೂಜೆರ್ಸಿ: ರೈತರ ಒಪ್ಪಿಗೆ ಕಾಗದದಲ್ಲಿರಲಿ, ಸಿಕ್ಕಿದ್ದನ್ನು ಹೇಗೆ ಹಂಚೋದು ಅಂತಲೂ ಬರೆದುಕೊಳ್ಳಿ. ಅಗೆಯೋ ಮುಂಚೆ ಅಮೆರಿಕದ 811 ಸಹಾಯವಾಣಿಗೆ ಕರೆ ಮಾಡಿದರೆ ನೆಲದಡಿಯ ಕೊಳವೆ, ಕೇಬಲ್ ಗುರುತು ಮಾಡಿಕೊಡುತ್ತಾರೆ. ಹೊಲದ ಗಡಿಯಾಚೆ ಫೆಡರಲ್ (ಕೇಂದ್ರ ಸರ್ಕಾರದ) ಜಮೀನಿದ್ದರೆ ಅಲ್ಲಿಗೇ ನಿಲ್ಲಿಸಿ: 100 ವರ್ಷ ದಾಟಿದ ಪುರಾತತ್ವ ವಸ್ತುವನ್ನು ಪರವಾನಗಿ ಇಲ್ಲದೆ ತೆಗೆಯೋದು 1979ರ ಪುರಾತತ್ವ ಸಂಪನ್ಮೂಲ ರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಹುಲ್ಲುನೆಲದಲ್ಲಿ ಮೂರು ಬದಿ ಮಾತ್ರ ಕೊಯ್ದು ಹೆಂಟೆಯನ್ನು ಮುಚ್ಚಳದಂತೆ ಮಗುಚಿ, ಮಣ್ಣನ್ನು ಟವೆಲ್ ಮೇಲೆ ಹಾಕಿ. ನಾಲ್ಕೂ ಬದಿ ಕೊಯ್ದರೆ ಬೇರು ಕಡಿದು ಹುಲ್ಲು ಒಣಗುತ್ತೆ, ಮುಂದಿನ ಸಲ ರೈತರು ಗೇಟು ತೆಗೆಯಲ್ಲ.

ಹಾಸನದಿಂದ: ಡಿಟೆಕ್ಟರ್ ಅಲ್ಲೇ ಬಿಟ್ಟು ಬನ್ನಿ ಸರ್. ಇಲ್ಲಿ ನೆಲದಲ್ಲಿ ಸಿಕ್ಕಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, ಸ್ವಂತ ಜಮೀನಾದರೂ ಅಷ್ಟೇ. ಪಾಳು ಗುಡಿ ಹತ್ತಿರ ಆ ಯಂತ್ರ ಹಿಡಿದು ನಿಂತರೆ ಊರಿನವರು ನಿಮ್ಮ ಹವ್ಯಾಸ ಏನು ಅಂತ ಕೇಳಲ್ಲ, ನಿಧಿಗಳ್ಳ ಅಂತ ಹಿಡಿದು ಪೊಲೀಸರಿಗೆ ಫೋನ್ ಮಾಡ್ತಾರೆ.