ನಮ್ಮ ಕೋಳಿ ಪ್ರದರ್ಶನಕ್ಕೆ ಲಾಯಕ್ಕಾ? ಡಾಕ್ಟರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಸಾಕಿದ ಕೋಳಿಯನ್ನು ಪ್ರದರ್ಶನಕ್ಕೆ ಒಯ್ಯಬಹುದಾ ಅಂತ ಬಹಳ ಜನ ಕೇಳುತ್ತಿದ್ದೀರಿ. ಇವತ್ತು ನಮ್ಮ ಗುಂಪಿನ ಪಶುವೈದ್ಯೆ ಉತ್ತರ ಕೊಡುತ್ತಾರೆ. ಅವರು ಪ್ರದರ್ಶನಗಳಲ್ಲಿ ತೀರ್ಪುಗಾರರೂ ಹೌದು. ಮೇಲಿನ ಉತ್ತರಗಳನ್ನು ಓದಿ, ಆಮೇಲೆ ಕೇಳಿ.

ಹಿತ್ತಲ ಹುಂಜ: ಮೇಡಂ, ನಮ್ಮ ಹುಂಜದ ಫೋಟೊ ಹಾಕಿದ್ದೇನೆ. ಮೈ ಕೆಂಪು, ಎದೆ ಕಪ್ಪು, ಬಾಲದಲ್ಲಿ ಹಸಿರು ಮಿಂಚು. ನೋಡಿದವರೆಲ್ಲ ಇದು ಗೆದ್ದೇ ಗೆಲ್ಲುತ್ತೆ ಅಂತಾರೆ. ತಳಿ ಮಾತ್ರ ಗೊತ್ತಿಲ್ಲ. ಒಯ್ಯಲಾ?

ಡಾಕ್ಟರ್: ಹುಂಜ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರದರ್ಶನದಲ್ಲಿ ಚೆಂದ ಒಂದನ್ನೇ ನೋಡುವುದಿಲ್ಲ. ಪ್ರತಿ ತಳಿಗೂ ಬರೆದಿಟ್ಟ ಮಾನದಂಡ ಇರುತ್ತದೆ. ಅಮೆರಿಕದ ಪೌಲ್ಟ್ರಿ ಅಸೋಸಿಯೇಷನ್ 1874ರಲ್ಲೇ ಇಂಥದ್ದನ್ನು ಅಚ್ಚು ಹಾಕಿಸಿತ್ತು. ತೂಕ ಎಷ್ಟು, ಜುಟ್ಟು ಯಾವ ಆಕಾರ, ಕಾಲು ಯಾವ ಬಣ್ಣ, ಬಾಲ ಎಷ್ಟು ಎತ್ತರಕ್ಕೆ ನಿಲ್ಲಬೇಕು, ಎಲ್ಲ ಅಂಥ ಮಾನದಂಡದಲ್ಲಿ ಇರುತ್ತದೆ. ನಿಮ್ಮ ಕೋಳಿಯನ್ನು ಮೊದಲು ಆ ಬರಹಕ್ಕೆ ಹೋಲಿಸುತ್ತೇವೆ, ಪಕ್ಕದ ಗೂಡಿನ ಕೋಳಿಗೆ ಹೋಲಿಸುವುದು ಆಮೇಲೆ. ತಳಿಯೇ ಗೊತ್ತಿಲ್ಲದಿದ್ದರೆ ಯಾವುದಕ್ಕೆ ಹೋಲಿಸೋಣ? ಸಾಕುಕೋಳಿ ಅಂತ ಬೇರೆ ವಿಭಾಗ ಇದ್ದರೆ ಅಲ್ಲಿ ಹೆಸರು ಕೊಡಿ.

ರೇಷ್ಮೆ ಪುಕ್ಕ: ನಮ್ಮದು ಸಿಲ್ಕಿ. ಒಂದು ಕಾಲಲ್ಲಿ ಐದು ಬೆರಳು, ಇನ್ನೊಂದರಲ್ಲಿ ನಾಲ್ಕು. ತುಂಬಾ ಮುದ್ದು ಮೇಡಂ, ಮಡಿಲಲ್ಲೇ ಮಲಗುತ್ತೆ.

ಡಾಕ್ಟರ್: ಅನರ್ಹ. ಸಿಲ್ಕಿಗೆ ಎರಡೂ ಕಾಲಲ್ಲಿ ಐದೈದು ಇರಬೇಕು. ಡಾರ್ಕಿಂಗ್, ಹೂಡಾನ್, ಫಾವರೋಲ್‌ಗೂ ಐದು. ಉಳಿದ ಹೆಚ್ಚಿನ ತಳಿಗಳಿಗೆ ನಾಲ್ಕು. ಮುದ್ದಿಗೆ ಅಂಕ ಇಲ್ಲ.

ಇದೇ ತರಹದ ಪ್ರಶ್ನೆ ಇನ್ನೂ ಬರುತ್ತವೆ, ಹಾಗಾಗಿ ಒಮ್ಮೆಗೇ ಹೇಳಿಬಿಡುತ್ತೇನೆ. ಕೋಳಿಯನ್ನು ಕೈಯಲ್ಲಿ ಹಿಡಿದು ನೀವೇ ನೋಡಿ. ಕೊಕ್ಕಿನ ಮೇಲಿನ ಭಾಗ, ಕೆಳಗಿನ ಭಾಗ ನೆಟ್ಟಗೆ ಕೂರುತ್ತವಾ, ಕತ್ತರಿ ಹಾಕಿದ ಹಾಗೆ ಅಡ್ಡ ಹೋಗಿವೆಯಾ? ಒಂಟಿ ಜುಟ್ಟಿನ ತಳಿಯಾದರೆ ಜುಟ್ಟಿನ ಪಕ್ಕದಿಂದ ಇನ್ನೊಂದು ಮೊನೆ ಹೊರಟಿದೆಯಾ? ಹಿಂದಿನಿಂದ ನೋಡಿದರೆ ಬಾಲ ಒಂದು ಕಡೆಗೆ ವಾಲಿದೆಯಾ? ರೆಕ್ಕೆ ಬಿಡಿಸಿದಾಗ ಹೊರಗಿನ ಗರಿಗಳಿಗೂ ಒಳಗಿನ ಗರಿಗಳಿಗೂ ನಡುವೆ ಸಂದು ಉಳಿಯುತ್ತಾ? ಬೋಳು ಕಾಲಿನ ತಳಿಯಲ್ಲಿ ಬೆರಳ ಸಂದಿಯಲ್ಲಿ ಎಳೆ ಪುಕ್ಕ ಇದೆಯಾ? ಇದರಲ್ಲಿ ಒಂದಿದ್ದರೂ ಬೇರೆಲ್ಲ ಎಷ್ಟೇ ಚೆನ್ನಾಗಿರಲಿ, ಸಾಮಾನ್ಯವಾಗಿ ಹೊರಗೆ.

ಜುಟ್ಟಿನ ಯಜಮಾನ: ಬಾಲ ತೀರಾ ಮುಂದಕ್ಕೆ ಬಾಗಿ ತಲೆಗೆ ತಾಗೋ ಹಾಗಿದ್ರೂ ದೋಷ ಅಂತಾರೆ. ಜಪಾನೀಸ್ ಬ್ಯಾಂಟಮ್‌ಗೆ ಹಾಗೇ ಇರುತ್ತಲ್ಲ?

ಡಾಕ್ಟರ್: ಅದಕ್ಕೆ ಅದೇ ಲಕ್ಷಣ. ಬೇರೆ ತಳಿಗೆ ದೋಷ. ಅದಕ್ಕೇ ಮೊದಲು ನಿಮ್ಮ ತಳಿಯ ಮಾನದಂಡ ಓದಿ ಅನ್ನೋದು.

ಬಿಳಿ ಯಾಟೆ: ನಮಸ್ತೆ ಮೇಡಂ. ಏಳು ತಿಂಗಳ ಯಾಟೆ. ಜುಟ್ಟು, ಬಾಲ, ಬೆರಳು ಎಲ್ಲ ನೀವು ಹೇಳಿದ ಹಾಗೇ ಇದೆ. ಒಂದೇ ಕೊರತೆ. ಬಲಗಣ್ಣು ಕಿತ್ತಳೆ ಬಣ್ಣ, ಎಡಗಣ್ಣು ಸ್ವಲ್ಪ ಸಮಯದಿಂದ ಬೂದು ಆಗಿದೆ. ಇದಕ್ಕೆ ಎಷ್ಟು ಅಂಕ ಕಳೆಯುತ್ತಾರೆ?

ಡಾಕ್ಟರ್: ಅಂಕದ ಮಾತು ಆಮೇಲೆ. ಮೊದಲು ಹೇಳಿ: ಹುಟ್ಟಿನಿಂದ ಹಾಗಿತ್ತಾ, ಈಚೆಗೆ ಬದಲಾಗಿದ್ದಾ? ಪಾಪೆ, ಅಂದರೆ ನಡುವಿನ ಕಪ್ಪು ಭಾಗ, ಗುಂಡಗಿದೆಯಾ ಸೊಟ್ಟಗಿದೆಯಾ? ಕಣ್ಣಲ್ಲಿ ನೀರು, ಊತ ಇದೆಯಾ? ಕುಂಟುತ್ತಾ? ಮರಿಯಾಗಿದ್ದಾಗ ಮಾರೆಕ್ಸ್ ಲಸಿಕೆ ಹಾಕಿಸಿದ್ದರಾ?

ಬಿಳಿ ಯಾಟೆ: ಈಚೆಗೆ ಆಗಿದ್ದು. ಪಾಪೆಯ ಅಂಚು ಒಂದು ಕಡೆ ಕಚ್ಚಿದ ಹಾಗಿದೆ. ನೀರಿಲ್ಲ, ಊತ ಇಲ್ಲ. ಕುಂಟಲ್ಲ. ಲಸಿಕೆ ಗೊತ್ತಿಲ್ಲ, ಮರಿಯಾಗಿ ತಂದಿದ್ದು.

ಡಾಕ್ಟರ್: ಹಾಗಾದರೆ ಕೋಳಿಯನ್ನು ಎಲ್ಲಿಗೂ ಒಯ್ಯಬೇಡಿ. ಪ್ರದರ್ಶನಕ್ಕೂ ಬೇಡ, ಪಕ್ಕದ ಮನೆಗೂ ಬೇಡ.

ಫೋಟೊ ನೋಡಿ ರೋಗ ಖಚಿತ ಮಾಡೋಕೆ ಆಗಲ್ಲ. ಕುಕ್ಕಿದ ಗಾಯವೂ ಇರಬಹುದು. ಪಾಪೆಯ ಒಳಗೇ ಬಿಳಿ ಕಂಡರೆ ಅದು ಪೊರೆ, ಬೇರೆ ವಿಚಾರ. ಆದರೆ ಎಳೆ ಕೋಳಿಯ ಒಂದು ಕಣ್ಣಿನ ಬಣ್ಣ ಮಾಸಿ ಬೂದಾಗುವುದು, ಪಾಪೆಯ ಅಂಚು ಹರಿದ ಹಾಗೆ ಆಗುವುದು, ಊತ ನೀರು ಏನೂ ಇಲ್ಲದಿರುವುದು, ಈ ಮೂರೂ ಒಟ್ಟಿಗೆ ಇದ್ದರೆ ನನಗೆ ಮೊದಲು ನೆನಪಾಗುವುದು ಮಾರೆಕ್ಸ್ ಕಾಯಿಲೆ. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಇದನ್ನು ಮೊದಲು ವಿವರಿಸಿದರು, ಅದಕ್ಕೇ ಆ ಹೆಸರು. ಹರ್ಪಿಸ್ ಜಾತಿಯ ವೈರಸ್. ಹೆಚ್ಚಾಗಿ ನರಕ್ಕೆ ಹೊಡೆಯುತ್ತದೆ, ಆಗ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಕೋಳಿ ಬೀಳುತ್ತದೆ. ಕೆಲವಕ್ಕೆ ಒಳಗೆ ಗಡ್ಡೆ. ಕೆಲವಕ್ಕೆ ಬರೀ ಕಣ್ಣು.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮಂದ ಬೆಳಕಿನಲ್ಲಿ ಕೋಳಿಯನ್ನು ಹಿಡಿದು ಒಂದೊಂದೇ ಕಣ್ಣಿಗೆ ಸಣ್ಣ ಟಾರ್ಚ್ ಹಾಯಿಸಿ. ಸರಿಯಿರುವ ಕಣ್ಣಿನ ಪಾಪೆ ಥಟ್ಟನೆ ಕುಗ್ಗುತ್ತದೆ. ಕೆಟ್ಟ ಕಣ್ಣಿನದು ಕುಗ್ಗುವುದಿಲ್ಲ, ಇಲ್ಲವೇ ಅರೆಬರೆ ಕುಗ್ಗುತ್ತದೆ. ಎದೆ ಮೂಳೆಯನ್ನೂ ಸವರಿ ನೋಡಿ. ಎರಡೂ ಕಡೆ ಮಾಂಸ ಇಳಿದು ಮೂಳೆ ಅಂಚು ಚೂಪಾಗಿ ಸಿಕ್ಕರೆ ಅದನ್ನೂ ಹೇಳಿ.

ಎಲ್ಲಿಗೂ ಬೇಡ ಅಂದದ್ದು ಯಾಕೆ ಅಂದರೆ, ಈ ವೈರಸ್ ಪುಕ್ಕದ ಬುಡದಲ್ಲಿ ಬೆಳೆದು ಉದುರುವ ಹೊಟ್ಟಿನ ಜೊತೆ ಧೂಳಿಗೆ ಸೇರುತ್ತದೆ. ಆ ಧೂಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಬೇರೆ ಕೋಳಿ ಅದನ್ನು ಉಸಿರಲ್ಲಿ ಎಳೆದುಕೊಳ್ಳುತ್ತದೆ. ಪ್ರದರ್ಶನದ ಹಾಲ್ ಅಂದರೆ ಸಾಲು ಸಾಲು ಗೂಡು, ಮೇಲೆ ಫ್ಯಾನು, ಗೂಡಿಂದ ಗೂಡಿಗೆ ಕೈ ಹಾಕುವ ನಮ್ಮಂಥವರು. ಇದಕ್ಕೆ ಔಷಧ ಇಲ್ಲ. ಲಸಿಕೆ ಹಾಕುವುದು ಮರಿ ಒಡೆದ ಮೊದಲ ದಿನ. ಅದೂ ಗಡ್ಡೆ, ಲಕ್ವ ತಡೆಯುತ್ತದೆ, ಸೋಂಕನ್ನಲ್ಲ. ಈಗ ಹಾಕಿಸಿದರೆ ಉಪಯೋಗವಿಲ್ಲ. ಮನುಷ್ಯರಿಗೆ ಅಂಟುವುದಿಲ್ಲ, ಆ ಭಯ ಬೇಡ.

ಗೂಡಿನ ಗೆಳೆಯ: ಸುಮ್ನೆ ಹೆದರಿಸಬೇಡಿ ಮೇಡಂ. ನಮ್ಮ ಕೋಳಿಗೂ ಕಣ್ಣು ಮಂಜಾಗಿತ್ತು. ನೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದೆ, ಕಣ್ಣಿಗೂ ಎರಡು ಹನಿ ಬಿಟ್ಟೆ. ವಾರದಲ್ಲಿ ಸರಿಹೋಯಿತು. ಈ ಮೆಸೇಜ್ ಎಲ್ಲ ಗುಂಪಿಗೂ ಕಳಿಸಿ.

ಡಾಕ್ಟರ್: ಯಾವ ಗುಂಪಿಗೂ ಕಳಿಸಬೇಡಿ. ನಿಮ್ಮ ಕೋಳಿಗೆ ಕಣ್ಣಲ್ಲಿ ಕಸ ಬಿದ್ದಿರಬೇಕು, ಏನೂ ಮಾಡದಿದ್ದರೂ ಸರಿಹೋಗುತ್ತಿತ್ತು. ಬೆಳ್ಳುಳ್ಳಿ ರಸ ಕಣ್ಣಿಗೆ ಬಿಟ್ಟರೆ ಉರಿ. ನಿಮ್ಮ ಕಣ್ಣಿಗೆ ಬಿಟ್ಟುಕೊಂಡು ನೋಡಿ ಆಮೇಲೆ ಬರೆಯಿರಿ.

ಬಣ್ಣದ ಬಾಲ: ಬಿಳಿ ಹುಂಜದ ಬೆನ್ನು ಹಳದಿ ತಿರುಗಿದೆ. ಬಟ್ಟೆಯ ಬ್ಲೀಚ್ ನೀರಲ್ಲಿ ಅದ್ದಿದರೆ ಬೆಳ್ಳಗಾಗುತ್ತೆ ಅಂತ ಒಂದು ಫಾರ್ವರ್ಡ್ ಬಂದಿದೆ. ಎಷ್ಟು ಹಾಕಬೇಕು?

ಡಾಕ್ಟರ್: ಒಂದು ಹನಿಯೂ ಬೇಡ. ಕಣ್ಣು, ಶ್ವಾಸಕೋಶ ಎರಡಕ್ಕೂ ಏಟು. ಪುಕ್ಕ ಒಣಗಿ ಪುಡಿಯಾಗುತ್ತದೆ. ಈ ಫಾರ್ವರ್ಡ್ ಬರೆದವರು ಕೋಳಿ ಮುಟ್ಟಿಲ್ಲ ಅಂತ ಕಾಣುತ್ತದೆ.

ಹಳದಿ ಬರುವುದು ಹೆಚ್ಚಾಗಿ ಬಿಸಿಲಿಗೆ. ಹೊಸ ಪುಕ್ಕ ಬರುವ ಹೊತ್ತಿಂದಲೇ ನೆರಳಲ್ಲಿಡಬೇಕು. ಕೊಳೆಯಾಗಿದ್ದರೆ ತೊಳೆಯಿರಿ, ಅದೂ ಪ್ರದರ್ಶನಕ್ಕೆ ಎರಡು ಮೂರು ದಿನ ಮೊದಲು. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೋಳಿ ಕೊಕ್ಕಿಂದ ಪುಕ್ಕಕ್ಕೆಲ್ಲ ಸವರಿಕೊಂಡರೇ ಹೊಳಪು ವಾಪಸ್ ಬರುವುದು, ಅದಕ್ಕೆ ಸಮಯ ಬೇಕು. ಉಗುರುಬೆಚ್ಚಗಿನ ನೀರು, ಮೆದು ಶಾಂಪೂ. ಪುಕ್ಕ ಬೆಳೆದ ದಿಕ್ಕಲ್ಲೇ ಕೈಯಾಡಿಸಿ, ಉಲ್ಟಾ ಉಜ್ಜಿದರೆ ಗರಿ ಮುರಿಯುತ್ತದೆ. ಸೋಪು ಪೂರ್ತಿ ಹೋಗುವವರೆಗೆ ನೀರು ಬದಲಿಸಿ. ಗಾಳಿಗೆ ಬಿಡದೆ ಬೆಚ್ಚಗೆ ಒಣಗಿಸಿ.

ಮುಂಜಾನೆ ಕೂಗು: ಕಾಲಿನ ಹುರುಪೆ ಎದ್ದು ದಪ್ಪ ಆಗಿದೆ. ಸೀಮೆಎಣ್ಣೆಯಲ್ಲಿ ಕಾಲು ಅದ್ದಿ ಅಂತಾರೆ.

ಡಾಕ್ಟರ್: ಅಂತಾರೆ ಅಂತಾರೆ. ಯಾರು ಅಂತಾರೆ? ಸೀಮೆಎಣ್ಣೆ ಚರ್ಮ ಸುಡುತ್ತದೆ. ಅದು ಹುರುಪೆಯ ಅಡಿಯಲ್ಲಿ ಕೊರೆಯುವ ನುಸಿ, ಬೇರೆ ಕೋಳಿಗೂ ಅಂಟುತ್ತದೆ. ಹುರುಪೆ ಕೀಳಬೇಡಿ. ಕಾಲಿಗೆ ದಪ್ಪಗೆ ವ್ಯಾಸಲೀನ್ ಹಚ್ಚಿ, ಕೂರುವ ಕೋಲು ಬದಲಿಸಿ, ಎಲ್ಲ ಕೋಳಿಗಳಿಗೂ ಚಿಕಿತ್ಸೆ ಆಗಬೇಕು. ಔಷಧವನ್ನು ಹತ್ತಿರದ ಪಶುವೈದ್ಯರು ಕೋಳಿ ನೋಡಿ ಕೊಡಲಿ. ಈ ಸಲ ಪ್ರದರ್ಶನ ಬಿಡಿ. ಹುರುಪೆ ಸರಿಯಾಗೋಕೆ ತಿಂಗಳುಗಳೇ ಬೇಕು.

ಕಾಳು ಕಡ್ಡಿ: ಹೇಂಟೆಯ ಹಳದಿ ಕಾಲು ಬಿಳಿಚಿಕೊಂಡಿದೆ. ರೋಗವಾ?

ಡಾಕ್ಟರ್: ಮೊಟ್ಟೆ ಇಡುತ್ತಿದೆ. ಬಣ್ಣ ಮೊಟ್ಟೆಯ ಹಳದಿಗೆ ಹೋಗುತ್ತದೆ. ಮೊಟ್ಟೆ ನಿಂತರೆ ವಾಪಸ್ ಬರುತ್ತದೆ.

ನಾಟಿ ನಂಟು: ಮೇಡಂ, ನಮ್ಮದು ಯಾವ ತಳಿ ಅಂತ ಗೊತ್ತಿಲ್ಲ, ನೋಡೋಕೆ ಚೆನ್ನಾಗಿದೆ…

ಡಾಕ್ಟರ್: ಮೊದಲ ಉತ್ತರ ಓದಿ.

ಜುಟ್ಟಿನ ಯಜಮಾನ: ಕಪ್ಪು ಕೋಳಿ, ರೆಕ್ಕೆಯಲ್ಲಿ ಒಂದೇ ಒಂದು ಬಿಳಿ ಪುಕ್ಕ. ಕಿತ್ತುಬಿಟ್ಟರಾಯಿತು ಅಲ್ವಾ?

ರೆಕ್ಕೆ ಬಳಗ: ಅದು ಮೋಸ.

ಜುಟ್ಟಿನ ಯಜಮಾನ: ಸ್ನಾನ ಮಾಡಿಸೋದು, ಉಗುರು ಕತ್ತರಿಸೋದು ಮೋಸ ಅಲ್ಲ, ಒಂದು ಪುಕ್ಕ ಕಿತ್ತರೆ ಮೋಸನಾ?

ರೆಕ್ಕೆ ಬಳಗ: ಉಗುರು ಎಲ್ಲ ಕೋಳಿಗೂ ಬೆಳೆಯುತ್ತೆ. ಬಿಳಿ ಪುಕ್ಕ ನಿಮ್ಮ ಕೋಳಿಯ ರಕ್ತದಲ್ಲಿದೆ. ಇಂಥವರಿಂದ ಮರಿ ತಗೊಂಡೇ ನಮ್ಮ ಗುಂಪಲ್ಲಿ ಬಿಳಿ ಮಚ್ಚೆ ಬಂದಿದ್ದು.

ಜುಟ್ಟಿನ ಯಜಮಾನ: ಇಂಥವರು ಅಂದ್ರೆ ಯಾರು? ಹೆಸರು ಹೇಳಿ.

ಬಣ್ಣದ ಬಾಲ: ಎಲ್ಲರೂ ಕೀಳುತ್ತಾರೆ ಬಿಡಿ, ಒಪ್ಪಿಕೊಳ್ಳಲ್ಲ ಅಷ್ಟೇ.

ಡಾಕ್ಟರ್: ನಿಯಮದಲ್ಲಿ ಇದು ಸ್ಪಷ್ಟ. ನೋಡುವವರ ಕಣ್ಣು ತಪ್ಪಿಸೋಕೆ ಪುಕ್ಕ ಕಿತ್ತರೆ, ಬಣ್ಣ ಹಚ್ಚಿದರೆ, ಜುಟ್ಟು ಕತ್ತರಿಸಿದರೆ ಅನರ್ಹ. ಕಿತ್ತ ಜಾಗದಲ್ಲಿ ರಕ್ತ ತುಂಬಿದ ಎಳೆ ಗರಿ ಬರುತ್ತದೆ. ರೆಕ್ಕೆ ಬಿಡಿಸಿದರೆ ಕೈಗೆ ಸಿಗುತ್ತದೆ, ಕಿತ್ತಿದ್ದು ಗೊತ್ತಾಗುತ್ತದೆ. ಬಿಳಿ ಪುಕ್ಕಕ್ಕೆ ಕೆಲವು ಅಂಕ ಹೋಗಬಹುದು. ಕಿತ್ತರೆ ಎಲ್ಲಾ ಹೋಗುತ್ತದೆ.

ಜುಟ್ಟಿನ ಯಜಮಾನ: ಎಲ್ಲ ತೀರ್ಪುಗಾರರೂ ಅಷ್ಟು ನೋಡಲ್ಲ.

ಡಾಕ್ಟರ್: ನಾನು ನೋಡುತ್ತೇನೆ.

ರೇಷ್ಮೆ ಪುಕ್ಕ: ಕಾವು ಕೂತ ಕೋಳಿಯನ್ನು ಒಯ್ಯಬಹುದಾ?

ಮುಂಜಾನೆ ಕೂಗು: ಮುರಿದ ಗರಿ ಯಾವಾಗ ಬರುತ್ತೆ?

ರೆಕ್ಕೆ ಬಳಗ: ಯಜಮಾನರೇ, ನಿಮ್ಮ ಹಳೇ ಫೋಟೊಗಳಲ್ಲಿ ಎಡ ರೆಕ್ಕೆ ಯಾವಾಗಲೂ ಮುಚ್ಚಿಯೇ ಇರುತ್ತಲ್ಲ, ಯಾಕೆ?

ಜುಟ್ಟಿನ ಯಜಮಾನ: ನೀವು ಫೋಟೊ ಹುಡುಕಿಕೊಂಡು ಕೂತಿದ್ದೀರಾ? ಬೇರೆ ಕೆಲಸ ಇಲ್ವಾ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ನಾಟಿ ನಂಟು: ಮೊದಲ ಉತ್ತರ ಓದಿದೆ ಮೇಡಂ. ಆದ್ರೂ ನಮ್ಮದು ನಿಜವಾಗ್ಲೂ ಚೆನ್ನಾಗಿದೆ. ಒಂದು ಸಲ ಫೋಟೊ ನೋಡಿ ಪ್ಲೀಸ್.

ಬಿಳಿ ಯಾಟೆ: ಮೇಡಂ, ಟಾರ್ಚ್ ಹಾಯಿಸಿದೆ. ಬಲ ಪಾಪೆ ಚುಕ್ಕಿಯಷ್ಟು ಚಿಕ್ಕದಾಯಿತು. ಎಡಗಣ್ಣಲ್ಲಿ ಏನೂ ಆಗಲಿಲ್ಲ. ಎದೆ ಮೂಳೆ ಚೂಪಾಗಿಲ್ಲ. ಇದರ ಜೊತೆ ಬೆಳೆದ ಇನ್ನೊಂದು ಯಾಟೆ ಇದೆ. ಕಣ್ಣೆಲ್ಲ ಚೆನ್ನಾಗಿದೆ. ಅದನ್ನಾದರೂ ಒಯ್ಯಲಾ?

ಡಾಕ್ಟರ್: ಇಲ್ಲ. ಒಂದೇ ಗೂಡಿನ ಧೂಳು ಎರಡೂ ಕುಡಿದಿವೆ. ಲಕ್ಷಣ ಇಲ್ಲದ ಕೋಳಿಯೂ ವೈರಸ್ ಉದುರಿಸಬಹುದು. ನಾಳೆಯೇ ಪಶುವೈದ್ಯರ ಹತ್ತಿರ ಒಯ್ಯಿರಿ, ಎಲ್ಲಿಗೂ ಬೇಡ ಅಂದದ್ದಕ್ಕೆ ಇದೊಂದೇ ವಿನಾಯಿತಿ. ಮುಚ್ಚಿದ ಪೆಟ್ಟಿಗೆಯಲ್ಲಿ ಒಯ್ದು, ಮಾರೆಕ್ಸ್ ಅನುಮಾನ ಅಂತ ಮೊದಲೇ ಫೋನ್ ಮಾಡಿ ಹೇಳಿ, ಅವರು ಬೇರೆ ಕೋಳಿಗಳಿಂದ ದೂರ ಕೂರಿಸುತ್ತಾರೆ. ಪರೀಕ್ಷೆ ಮಾಡಿಸಬಹುದಾ ಕೇಳಿ. ಹೊಸ ಮರಿ ತರೋದು ಈಗ ಬೇಡ. ಒಂದು ಕಣ್ಣಿಂದಲೇ ಅದು ಮೇಯುತ್ತದೆ, ನೀರು ಕುಡಿಯುತ್ತದೆ. ಕಾಳಿನ ತಟ್ಟೆಯ ಜಾಗ ಮಾತ್ರ ಬದಲಿಸಬೇಡಿ. ಏನು ಹೇಳಿದರು ಅಂತ ನನಗೆ ನೇರವಾಗಿ ಮೆಸೇಜ್ ಮಾಡಿ, ಇಲ್ಲಿ ಬೇಡ.

ಗೂಡಿನ ಗೆಳೆಯ: ಬೆಳ್ಳುಳ್ಳಿ ಒಂದು ಸಲ ಹಾಕಿ ನೋಡಿ, ನಷ್ಟ ಏನಿದೆ?

ಅಡ್ಮಿನ್: ಕಾಮೆಂಟ್ ಮುಚ್ಚಿದ್ದೇನೆ. ಉಳಿದ ಪ್ರಶ್ನೆಗಳು ಮುಂದಿನ ಸಲ. ಬೆಳ್ಳುಳ್ಳಿ ಮೆಸೇಜ್ ಇನ್ನೊಮ್ಮೆ ಹಾಕಿದವರನ್ನು ಗುಂಪಿನಿಂದ ತೆಗೆಯುತ್ತೇನೆ.